ಫೋನ್ ಕೆಳಗಿಟ್ಟ ಮೇಲೆ ಮನಸ್ಸು ಹೇಗಿದೆ?

ಇಂದು ನಮ್ಮ ಹೆಚ್ಚಿನ ಮನೆಗಳಲ್ಲಿ ಇಶಾ ನಮಾಝ್‌ನ ಬಳಿಕ ಒಂದೇ ಬಗೆಯ ಮಾತು ಕೇಳಿ ಬರುತ್ತದೆ. "ಎಷ್ಟು ಹೊತ್ತಿನಿಂದ ಅದನ್ನು ಹಿಡಿದುಕೊಂಡು ಕೂತಿದ್ದೀಯಾ?" ಎಂದು ತಾಯಿ ಕೇಳುತ್ತಾರೆ. "ಈಗಷ್ಟೇ ತೆಗೆದದ್ದು" ಎಂದು ಮಗ ಉತ್ತರಿಸುತ್ತಾನೆ. ಅದು ನಿಜವಲ್ಲವೆಂದು ಇಬ್ಬರಿಗೂ ಗೊತ್ತು. ಧ್ವನಿ ಏರುತ್ತದೆ. ಫೋನ್ ಕಪಾಟಿನೊಳಗೆ ಸೇರುತ್ತದೆ. ಕೋಣೆಯ ಬಾಗಿಲು ದಡಾರನೆ ಮುಚ್ಚಿಕೊಳ್ಳುತ್ತದೆ. ಮರುದಿನ ಕಾಲೇಜಿನ ನೋಟ್ಸ್ ವಾಟ್ಸ್ಆ್ಯಪ್‌ನಲ್ಲಿ ಬಂದಿದೆ ಎಂಬ ಕಾರಣಕ್ಕೆ ಫೋನ್ ಮತ್ತೆ ಹೊರಗೆ ಬರುತ್ತದೆ. ರಾತ್ರಿಯಾದಾಗ ಅದೇ ಮಾತು, ಅದೇ ಉತ್ತರ.

ಈ ಜಗಳದಲ್ಲಿ ಕೇಳಲಾಗುವ ಪ್ರಶ್ನೆ ಯಾವಾಗಲೂ ಗಂಟೆಗಳ ಬಗ್ಗೆ. ಎಷ್ಟು ಹೊತ್ತು ನೋಡಿದೆ, ಎಷ್ಟು ಡೇಟಾ ಮುಗಿಸಿದೆ, ಎಷ್ಟು ಗಂಟೆಗೆ ಮಲಗಿದೆ ಎಂದು ನಾವು ಕೇಳುತ್ತೇವೆ. ಅದನ್ನು ಕೆಳಗಿಟ್ಟಾಗ ನಿನ್ನ ಮನಸ್ಸು ಹೇಗಿತ್ತು ಎಂದು ನಮ್ಮಲ್ಲಿ ಎಷ್ಟು ಮಂದಿ ಕೇಳಿದ್ದೇವೆ? ಒಂದು ಗಂಟೆ ಫೋನ್ ನೋಡಿದ ಮಗಳು ನಗುತ್ತಾ ಅಡುಗೆ ಮನೆಗೆ ಬಂದಳೇ, ಅಥವಾ ಕಾರಣವಿಲ್ಲದೆ ತಮ್ಮನ ಮೇಲೆ ರೇಗಿದಳೇ? ಮಗ ಊಟಕ್ಕೆ ಕುಳಿತಾಗ ಅವನ ಮುಖ ಏಕೆ ಬಾಡಿತ್ತು? ಗಡಿಯಾರ ನೋಡುವ ಅವಸರದಲ್ಲಿ ನಾವು ಮುಖ ನೋಡುವುದನ್ನು ಮರೆಯುತ್ತಿದ್ದೇವೆ.

ಓದುಗ ಬಂಧುಗಳೇ, ಇದರ ಹಿಂದೆ ಒಂದು ದೊಡ್ಡ ನೈತಿಕ ಪ್ರಶ್ನೆಯಿದೆ. ಒಬ್ಬ ವ್ಯಕ್ತಿಯ ಮನಸ್ಸಿನ ಲೆಕ್ಕವನ್ನು ಯಾರು ಇಡಬೇಕು? ತಂದೆ ತಾಯಿಯೇ? ಸರಕಾರವೇ? ಅಥವಾ ಸ್ವತಃ ಆ ವ್ಯಕ್ತಿಯೇ? ಹದಿನೈದು ವರ್ಷದ ಹುಡುಗನಿಗೆ ತನ್ನ ಲೆಕ್ಕವನ್ನು ತಾನೇ ಇಡುವ ಶಕ್ತಿ ಇದೆಯೇ? ಇಲ್ಲವೆಂದಾದರೆ, ಅದನ್ನು ಅವನಿಗೆ ಕಲಿಸುವುದು ಹೇಗೆ?

ಹನ್ಝಲರ ಅಳಲು

ಪ್ರವಾದಿವರ್ಯರ(ಸ) ಲಿಪಿಕಾರರಲ್ಲಿ ಒಬ್ಬರಾಗಿದ್ದ ಹನ್ಝಲ(ರ) ಅವರ ಒಂದು ಘಟನೆಯನ್ನು ಇಮಾಮ್ ಮುಸ್ಲಿಮ್ ತಮ್ಮ ಹದೀಸ್ ಸಂಗ್ರಹದಲ್ಲಿ ದಾಖಲಿಸಿದ್ದಾರೆ. ಒಂದು ದಿನ ಹಝ್ರತ್ ಅಬೂಬಕರ್(ರ) ದಾರಿಯಲ್ಲಿ ಅವರನ್ನು ಕಂಡು ಕ್ಷೇಮ ವಿಚಾರಿಸಿದರು. ಹನ್ಝಲರು ತಮ್ಮ ಮೇಲೆ ತಾವೇ ದೊಡ್ಡ ಆರೋಪ ಹೊರಿಸಿಕೊಂಡರು. ತಾನು ಕಪಟಿಯಾಗಿ ಬಿಟ್ಟಿದ್ದೇನೆ ಎಂದರು. ಕಾರಣ ಕೇಳಿದಾಗ ಅವರು ಹೇಳಿದ್ದಿಷ್ಟು: ಪ್ರವಾದಿವರ್ಯರ(ಸ) ಸನ್ನಿಧಿಯಲ್ಲಿರುವಾಗ ಸ್ವರ್ಗ ನರಕಗಳು ಕಣ್ಣೆದುರಿಗೇ ಇರುವಂತೆ ಅನಿಸುತ್ತದೆ, ಅಲ್ಲಿಂದೆದ್ದು ಮನೆ, ಮಡದಿ, ಮಕ್ಕಳು, ದುಡಿಮೆಯ ಕಡೆಗೆ ಹೋದಾಗ ಬಹಳಷ್ಟು ಮರೆತು ಹೋಗುತ್ತದೆ.

ಈ ಘಟನೆಯಿಂದ ಸಾಮಾನ್ಯವಾಗಿ ಹೇಳಲಾಗುವ ಪಾಠ ನಮಗೆ ಗೊತ್ತು. ಆದರೆ ಹನ್ಝಲರು ಅಲ್ಲಿ ಮಾಡಿದ ಕೆಲಸವನ್ನು ಗಮನಿಸಿ. ಒಂದು ಜಾಗದಲ್ಲಿ ಕುಳಿತಾಗ ತನ್ನ ಹೃದಯ ಹೇಗಿರುತ್ತದೆ, ಇನ್ನೊಂದು ಜಾಗಕ್ಕೆ ಹೋದಾಗ ಹೇಗಾಗುತ್ತದೆ ಎಂದು ಅವರು ಹೋಲಿಸಿ ನೋಡಿದ್ದರು. ಅದನ್ನು ಅವರಿಗೆ ಬೇರೆ ಯಾರೂ ಹೇಳಿರಲಿಲ್ಲ. ಯಾರೂ ಅವರ ಬೆನ್ನು ಹತ್ತಿ ಗಂಟೆಗಳನ್ನು ಎಣಿಸಿರಲಿಲ್ಲ.

ಇನ್ನು ಹಝ್ರತ್ ಅಬೂಬಕರ್(ರ) ಅವರ ಪ್ರತಿಕ್ರಿಯೆಯನ್ನು ನೋಡಿ. ವಯಸ್ಸಿನಲ್ಲಿಯೂ ಸ್ಥಾನದಲ್ಲಿಯೂ ಹಿರಿಯರಾದ ಅವರು ಬೈಯಲಿಲ್ಲ, ಉಪದೇಶಕ್ಕೂ ತೊಡಗಲಿಲ್ಲ. ನಮಗೂ ಹೀಗೆಯೇ ಆಗುತ್ತದೆ ಎಂದರು. ಬಳಿಕ ಇಬ್ಬರೂ ಜೊತೆಯಾಗಿ ಪ್ರವಾದಿವರ್ಯರ(ಸ) ಬಳಿಗೆ ಹೋದರು. ಅಲ್ಲಿಯೂ ಅವರಿಗೆ ಗದರಿಕೆ ಸಿಗಲಿಲ್ಲ. ಮನುಷ್ಯನ ಹೃದಯ ಸದಾ ಒಂದೇ ಸ್ಥಿತಿಯಲ್ಲಿ ಇರುವುದಿಲ್ಲ, ಅದಕ್ಕೊಂದು ಹೊತ್ತು ಇದಕ್ಕೊಂದು ಹೊತ್ತು ಎಂಬ ಸಾಂತ್ವನ ಸಿಕ್ಕಿತು.

ನಮ್ಮ ಮಗ ಬಂದು, "ಅಬ್ಬಾ, ಅದನ್ನು ನೋಡಿದ ಮೇಲೆ ನನಗೆ ಏನೂ ಬೇಡವೆನಿಸುತ್ತದೆ" ಎಂದರೆ ನಾವು ಏನನ್ನುತ್ತೇವೆ? "ನಾನು ಮೊದಲೇ ಹೇಳಿರಲಿಲ್ಲವೇ?" ಎಂದು ತಾನೇ? ಆ ಒಂದು ಮಾತಿನಿಂದ ಅವನು ಮುಂದೆಂದೂ ನಮ್ಮ ಬಳಿ ಬಾರದಂತೆ ಮಾಡಿ ಬಿಡುತ್ತೇವೆ. ನನಗೂ ಹಾಗೆಯೇ ಆಗುತ್ತದೆ ಮಗಾ ಎಂದು ಹೇಳುವ ಹಿರಿಯರು ಇಂದು ಎಲ್ಲಿದ್ದಾರೆ?

ನಿಲ್ದಾಣವಿಲ್ಲದ ದಾರಿ

ಮಕ್ಕಳನ್ನು ದೂರುವ ಮೊದಲು ಅವರ ಕೈಯಲ್ಲಿರುವ ವಸ್ತುವಿನ ಸ್ವಭಾವವನ್ನು ಅರಿಯುವುದು ನ್ಯಾಯ. ಹಿಂದೆ ಓದುವ ಪುಸ್ತಕಕ್ಕೆ ಕೊನೆಯ ಪುಟವಿತ್ತು. ದಿನಪತ್ರಿಕೆ ಅರ್ಧ ಗಂಟೆಯಲ್ಲಿ ಮುಗಿಯುತ್ತಿತ್ತು. ರೇಡಿಯೋ ರಾತ್ರಿಯಾದ ಮೇಲೆ ತಾನಾಗಿಯೇ ಮೌನವಾಗುತ್ತಿತ್ತು. ಮನುಷ್ಯ ಎದ್ದು ಹೋಗಲು ಒಂದು ನೆಪ ತಾನಾಗಿಯೇ ಸಿಗುತ್ತಿತ್ತು.

2006ರಲ್ಲಿ ಅಝಾ ರಾಸ್ಕಿನ್ ಎಂಬ ಅಮೆರಿಕದ ವಿನ್ಯಾಸಗಾರ ಪುಟ ಮುಗಿಯುವ ಮೊದಲೇ ಮುಂದಿನ ಪುಟ ತಾನಾಗಿಯೇ ಬಂದು ಸೇರುವ ವಿಧಾನವೊಂದನ್ನು ರೂಪಿಸಿದರು. ಓದುಗರಿಗೆ ಪದೇ ಪದೇ ಗುಂಡಿ ಒತ್ತುವ ತೊಂದರೆ ತಪ್ಪಲಿ ಎಂಬುದು ಆಗಿನ ಉದ್ದೇಶವಾಗಿತ್ತು. ಅದರ ಪರಿಣಾಮವನ್ನು ಕಂಡು ಮುಂದೆ ಅವರೇ ಬಹಿರಂಗವಾಗಿ ವಿಷಾದಿಸಿದರು. 2009ರಲ್ಲಿ ಫೇಸ್‌ಬುಕ್‌ನಲ್ಲಿ ಲೈಕ್ ಗುಂಡಿ ಬಂತು. ಒಬ್ಬರು ಇನ್ನೊಬ್ಬರನ್ನು ಎಷ್ಟು ಮೆಚ್ಚುತ್ತಾರೆ ಎಂಬುದಕ್ಕೆ ಅಲ್ಲಿಂದ ಒಂದು ಅಂಕಿ ಅಂಟಿಕೊಂಡಿತು. 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಆರಂಭವಾದ ಬಳಿಕ ನಮ್ಮ ದೇಶದಲ್ಲಿ ಡೇಟಾದ ಬೆಲೆ ಇಳಿಯಿತು. 2020ರ ಜೂನ್‌ನಲ್ಲಿ ಕೇಂದ್ರ ಸರಕಾರ ಟಿಕ್‌ಟಾಕನ್ನು ನಿಷೇಧಿಸಿತು. ಮರು ತಿಂಗಳೇ ಇನ್‌ಸ್ಟಾಗ್ರಾಮ್ ಭಾರತದಲ್ಲಿ ರೀಲ್ಸ್ ಆರಂಭಿಸಿತು. ಸೆಪ್ಟೆಂಬರ್‌ನಲ್ಲಿ ಯೂಟ್ಯೂಬ್ ತನ್ನ ಶಾರ್ಟ್ಸ್ ಅನ್ನು ಮೊತ್ತಮೊದಲು ಇಲ್ಲಿಯೇ ಪ್ರಯೋಗಿಸಿತು. ಒಂದು ಅಂಗಡಿ ಮುಚ್ಚಿದ ಕೂಡಲೇ ಅದೇ ಸರಕಿನ ಎರಡು ಅಂಗಡಿಗಳು ಎದುರಿಗೇ ತೆರೆದವು.

ಈ ಕಂಪೆನಿಗಳ ಆದಾಯ ಜಾಹೀರಾತಿನಿಂದ ಬರುತ್ತದೆ. ನೋಡುಗ ಎಷ್ಟು ಹೊತ್ತು ಕುಳಿತಿರುತ್ತಾನೋ ಅಷ್ಟು ಜಾಹೀರಾತು ತೋರಿಸಬಹುದು. ಆದುದರಿಂದ ಅವರು ಅಳೆಯುವುದು ನೋಡುಗನ ಸಮಯವನ್ನು. ಅವನು ಎದ್ದು ಹೋಗುವಾಗ ಅವನ ಮನಸ್ಸು ಹಗುರವಾಗಿತ್ತೇ, ಭಾರವಾಗಿತ್ತೇ ಎಂಬುದು ಆ ಲೆಕ್ಕದಲ್ಲಿ ಮುಖ್ಯವಲ್ಲ. ವಿಚಿತ್ರವೆಂದರೆ, ಗಂಟೆಗಳನ್ನು ಮಾತ್ರ ಎಣಿಸುವ ತಂದೆ ತಾಯಿಯೂ ಅದೇ ಅಳತೆಗೋಲನ್ನು ಹಿಡಿದಿದ್ದಾರೆ.

ಹಾಗೆಂದು ಫೋನ್ ನಮ್ಮ ಶತ್ರುವೇನೂ ಅಲ್ಲ. ಮಂಗಳೂರು, ಉಡುಪಿ, ಭಟ್ಕಳದ ಎಷ್ಟೋ ಮನೆಗಳಲ್ಲಿ ದಮ್ಮಾಮ್‌ನಲ್ಲೋ ದುಬೈಯಲ್ಲೋ ದುಡಿಯುವ ತಂದೆ ತನ್ನ ಮಗುವಿನ ಮುಖ ನೋಡುವುದು ಅದರಲ್ಲಿಯೇ. ಕುರ್‌ಆನ್ ಪಾರಾಯಣ, ತಫ್ಸೀರ್, ನೀಟ್ ಪರೀಕ್ಷೆಯ ಪಾಠ, ವಿದ್ಯಾರ್ಥಿ ವೇತನದ ಅರ್ಜಿ, ಎಲ್ಲವೂ ಅದರಲ್ಲಿಯೇ ಇದೆ. ಸಾಧನವೊಂದು ಎರಡು ಕಡೆಗೂ ಒಯ್ಯುವಾಗ, ಈಗ ಯಾವ ಕಡೆಗೆ ಸಾಗುತ್ತಿದ್ದೇನೆಂದು ಪ್ರಯಾಣಿಕನೇ ನೋಡಿಕೊಳ್ಳಬೇಕಾಗುತ್ತದೆ.

ಸಂಶೋಧಕರು ಏನು ಹೇಳುತ್ತಾರೆ?

2023ರ ಮೇ ತಿಂಗಳಲ್ಲಿ, ಆಗ ಅಮೆರಿಕದ ಸರ್ಜನ್ ಜನರಲ್ ಆಗಿದ್ದ ಡಾ. ವಿವೇಕ್ ಮೂರ್ತಿಯವರು ಸಾಮಾಜಿಕ ಜಾಲತಾಣ ಮತ್ತು ಎಳೆಯರ ಮಾನಸಿಕ ಆರೋಗ್ಯದ ಬಗ್ಗೆ ಒಂದು ಎಚ್ಚರಿಕೆ ಪತ್ರ ಹೊರಡಿಸಿದರು. ಅವರ ಕುಟುಂಬ ನಮ್ಮ ಮಂಡ್ಯ ಜಿಲ್ಲೆಯ ಹಲ್ಲೇಗೆರೆಯದು. ದಿನಕ್ಕೆ 3 ಗಂಟೆಗಿಂತ ಹೆಚ್ಚು ಕಾಲ ಅದರಲ್ಲಿ ಕಳೆಯುವ ಹದಿಹರೆಯದವರಲ್ಲಿ ಖಿನ್ನತೆ ಮತ್ತು ಆತಂಕದಂತಹ ತೊಂದರೆಗಳ ಸಾಧ್ಯತೆ ಇಮ್ಮಡಿ ಎಂದು ಅದರಲ್ಲಿತ್ತು. ಇದನ್ನು ಓದಿದ ಯಾವ ತಾಯಿಗಾದರೂ ಎದೆ ಧಸಕ್ಕೆನ್ನದಿರದು.

ಆದರೆ 2019ರಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯದ ಏಮಿ ಓರ್ಬೆನ್ ಮತ್ತು ಆಂಡ್ರ್ಯೂ ಶಿಬಿಲ್‌ಸ್ಕಿ ಎಂಬ ಸಂಶೋಧಕರು 3.5 ಲಕ್ಷಕ್ಕೂ ಹೆಚ್ಚು ಹದಿಹರೆಯದವರ ಮಾಹಿತಿಯನ್ನು ಪರಿಶೀಲಿಸಿ ಬೇರೆಯೇ ಮಾತು ಹೇಳಿದ್ದರು. ಎಳೆಯರ ನೆಮ್ಮದಿಯಲ್ಲಿ ಕಾಣುವ ಏರುಪೇರಿನಲ್ಲಿ ಇಂತಹ ಸಾಧನಗಳ ಬಳಕೆಯ ಪಾಲು ಹೆಚ್ಚೆಂದರೆ ಶೇ. 0.4 ಮಾತ್ರ ಎಂದು ಅವರ ಲೆಕ್ಕ ತೋರಿಸಿತು. ಇದನ್ನು ಓದಿದ ಮಗ, ನೋಡಿದಿರಾ ಎಂದು ತಾಯಿಯ ಮುಂದೆ ಹಿಡಿಯಬಹುದು.

ಹಾಗಾದರೆ ಯಾರನ್ನು ನಂಬಬೇಕು? ನೆದರ್ಲ್ಯಾಂಡ್ಸ್‌ನಲ್ಲಿ ನಡೆದು 2020ರಲ್ಲಿ ಪ್ರಕಟವಾದ ಒಂದು ಸಣ್ಣ ಅಧ್ಯಯನ ಇಲ್ಲಿ ದಾರಿ ತೋರಿಸುತ್ತದೆ. ಅಲ್ಲಿ 63 ಹದಿಹರೆಯದವರನ್ನು ಒಂದು ವಾರ ಕಾಲ, ದಿನಕ್ಕೆ ಆರು ಸಲ, ಈಗ ಹೇಗಿದ್ದೀರಿ ಎಂದು ಕೇಳಲಾಯಿತು. ಏನೂ ಬರೆಯದೆ ಸುಮ್ಮನೆ ಇತರರದ್ದನ್ನು ನೋಡುತ್ತಾ ಕುಳಿತಾಗ ಶೇ. 46 ಮಂದಿಗೆ ಮನಸ್ಸು ತುಸು ಹಿತವೆನಿಸಿತು. ಶೇ. 44 ಮಂದಿಯಲ್ಲಿ ಯಾವ ಬದಲಾವಣೆಯೂ ಕಾಣಲಿಲ್ಲ. ಶೇ. 10 ಮಂದಿಯ ಮನಸ್ಸು ಕುಗ್ಗಿತು.

ಈ ಮೂರು ಗುಂಪುಗಳನ್ನು ಕೂಡಿಸಿ ಸರಾಸರಿ ತೆಗೆದರೆ ಏನೂ ಆಗಿಲ್ಲವೆಂದು ಕಾಣಬಹುದು. ಆದರೆ ಆ ಹತ್ತರಲ್ಲೊಂದು ಮಗು ಯಾರ ಮನೆಯದು? ನಿಮ್ಮ ಮಗಳು ಯಾವ ಗುಂಪಿನಲ್ಲಿದ್ದಾಳೆ ಎಂದು ಆಕ್ಸ್‌ಫರ್ಡ್‌ನ ಲೆಕ್ಕವಾಗಲಿ, ಅಮೆರಿಕದ ಎಚ್ಚರಿಕೆಯಾಗಲಿ ಹೇಳಲಾರದು. ಅದನ್ನು ಹೇಳಬಲ್ಲವಳು ಅವಳೊಬ್ಬಳೇ. ಅದಕ್ಕೂ ಅವಳು ತನ್ನನ್ನು ತಾನು ಗಮನಿಸಲು ಕಲಿತಿರಬೇಕು.

ಕುರುಬನೇ, ಗೂಢಚಾರನೇ?

ಇಲ್ಲಿ ತಂದೆ ತಾಯಿಯ ನಿಜವಾದ ಸಂಕಟ ಆರಂಭವಾಗುತ್ತದೆ. ನಿಮ್ಮಲ್ಲಿ ಪ್ರತಿಯೊಬ್ಬನೂ ಕುರುಬನಂತೆ, ತನ್ನ ವಶದಲ್ಲಿರುವವರ ಬಗ್ಗೆ ಅವನನ್ನು ಪ್ರಶ್ನಿಸಲಾಗುವುದು ಎಂಬ ಅರ್ಥದ ಪ್ರವಾದಿ ವಚನ ನಮಗೆಲ್ಲ ಗೊತ್ತು. ಮಕ್ಕಳು ಏನು ಮಾಡಿದರೂ ನನಗೇನು ಎಂದು ಸುಮ್ಮನಿರಲು ನಮಗೆ ಅನುಮತಿ ಇಲ್ಲ. ಇನ್ನೊಂದು ಕಡೆ, ಇತರರ ಗುಟ್ಟುಗಳನ್ನು ಕೆದಕಬಾರದೆಂದು ಪವಿತ್ರ ಕುರ್‌ಆನಿನ ಅಲ್ ಹುಜುರಾತ್ ಅಧ್ಯಾಯ ಸ್ಪಷ್ಟವಾಗಿ ತಡೆಯುತ್ತದೆ. ಜನರ ಗುಟ್ಟುಗಳ ಬೆನ್ನು ಹತ್ತಿದರೆ ನೀನು ಅವರನ್ನು ಕೆಡಿಸಿ ಬಿಡುವೆ ಎಂಬ ಆಶಯದ ಎಚ್ಚರಿಕೆಯೂ ಹದೀಸ್‌ನಲ್ಲಿದೆ. ಮಗ ನಿದ್ರಿಸುವಾಗ ಅವನ ಬೆರಳನ್ನು ಫೋನ್‌ಗೆ ಒತ್ತಿ, ತೆರೆದು, ಅವನ ಸಂದೇಶಗಳನ್ನು ಓದುವ ತಂದೆ ಕುರುಬನ ಕೆಲಸ ಮಾಡುತ್ತಿದ್ದಾನೆಯೇ, ಗೂಢಚಾರನ ಕೆಲಸ ಮಾಡುತ್ತಿದ್ದಾನೆಯೇ?

ಸ್ವಲ್ಪ ಯೋಚಿಸಿದರೆ ಇವೆರಡರ ನಡುವಿನ ಗೆರೆ ಕಾಣಿಸುತ್ತದೆ. ಕುರುಬ ಹಗಲಿನಲ್ಲಿ, ಎಲ್ಲರಿಗೂ ಕಾಣುವಂತೆ ಬೇಲಿ ಹಾಕುತ್ತಾನೆ. ರಾತ್ರಿ ಹತ್ತರ ಬಳಿಕ ಮನೆಯ ಎಲ್ಲ ಫೋನ್‌ಗಳೂ ಚಾವಡಿಯ ಮೇಜಿನ ಮೇಲೆ ಇರಬೇಕು ಎಂಬುದು ಬೇಲಿ. ಆ ಮೇಜಿನ ಮೇಲೆ ತಂದೆಯ ಫೋನ್ ಕೂಡ ಇರಬೇಕಷ್ಟೆ. ಇನ್‌ಸ್ಟಾಗ್ರಾಮ್ ತಾನೇ ಹಾಕಿಕೊಂಡಿರುವ ಕನಿಷ್ಠ ವಯಸ್ಸು 13. ಅದಕ್ಕಿಂತ ಸಣ್ಣವರಿಗೆ ಅದು ಬೇಡ ಎನ್ನುವುದು ಬೇಲಿ. ಎಳೆಯ ಮಕ್ಕಳಿಗೆ ಇಂತಹ ಬೇಲಿ ಬೇಕೇ ಬೇಕು. ಆದರೆ ಹದಿಹರೆಯದ ಮಗನ ಬೆನ್ನ ಹಿಂದೆ ನಡೆಸುವ ತಪಾಸಣೆಯಿಂದ ಅವನು ಕಲಿಯುವುದು ಒಂದೇ ವಿದ್ಯೆ: ಇನ್ನಷ್ಟು ಜಾಣತನದಿಂದ ಅಡಗಿಸುವುದು.

ಸರಕಾರಗಳೂ ಈಗ ಬೇಲಿ ಹಾಕತೊಡಗಿವೆ. ಆಸ್ಟ್ರೇಲಿಯದಲ್ಲಿ 16 ವರ್ಷದೊಳಗಿನವರು ಪ್ರಮುಖ ಜಾಲತಾಣಗಳಲ್ಲಿ ಖಾತೆ ಹೊಂದುವಂತಿಲ್ಲ ಎಂಬ ಕಾನೂನು 2025ರ ಡಿಸೆಂಬರ್ 10ರಂದು ಜಾರಿಗೆ ಬಂತು. ಇದರಿಂದ ಒಳಿತಾಗಬಹುದು. ಆದರೂ ಹುಡುಗನಿಗೆ ಒಂದು ದಿನ 16 ತುಂಬುತ್ತದೆ. ಪಿ.ಯು.ಸಿ. ಮುಗಿಸಿ ಅವನು ಹಾಸ್ಟೆಲಿಗೆ ಹೋಗುತ್ತಾನೆ, ಅಲ್ಲಿಂದ ಬೆಂಗಳೂರಿಗೆ, ಅಲ್ಲಿಂದ ಕೊಲ್ಲಿಗೆ. ತಾಯಿಯ ಕಣ್ಣು ತಲುಪದ ಕೋಣೆಯಲ್ಲಿ ಅವನೂ ಫೋನೂ ಮಾತ್ರ ಇರುವ ರಾತ್ರಿ ಬಂದೇ ಬರುತ್ತದೆ. ಆ ರಾತ್ರಿಗಾಗಿ ನಾವು ಅವನಿಗೆ ಏನನ್ನು ಕಟ್ಟಿ ಕೊಟ್ಟಿದ್ದೇವೆ?

ಪುನರುತ್ಥಾನ ದಿನದ ಬಗ್ಗೆ ಕುರ್‌ಆನ್ ನೀಡುವ ಚಿತ್ರವನ್ನು ನೆನೆಯಿರಿ. ಬನೀ ಇಸ್ರಾಈಲ್ ಅಧ್ಯಾಯದ ಪ್ರಕಾರ, ಅಂದು ಕರ್ಮ ಗ್ರಂಥವನ್ನು ಮನುಷ್ಯನ ಮುಂದೆಯೇ ತೆರೆದಿಟ್ಟು, ಅದನ್ನು ಅವನೇ ಓದುವಂತೆ ಹೇಳಲಾಗುತ್ತದೆ. ತನ್ನ ಲೆಕ್ಕಕ್ಕೆ ತಾನೇ ಸಾಕು ಎನ್ನಲಾಗುತ್ತದೆ. ಎಷ್ಟೇ ನೆಪಗಳನ್ನು ಮುಂದೊಡ್ಡಿದರೂ ಮನುಷ್ಯ ತನ್ನನ್ನು ತಾನು ಚೆನ್ನಾಗಿ ಬಲ್ಲನೆಂದು ಅಲ್ ಕಿಯಾಮಃ ಅಧ್ಯಾಯ ಹೇಳುತ್ತದೆ. ಸರ್ವಜ್ಞನಾದ ಅಲ್ಲಾಹನೇ ದಾಸನ ಕೈಗೆ ಗ್ರಂಥವನ್ನು ಕೊಟ್ಟು ಓದಿಸುವಾಗ, ನಾವು ಮಗುವಿನ ಕೈಯಿಂದ ಅದರ ಗ್ರಂಥವನ್ನು ಕಿತ್ತುಕೊಂಡು ಗಟ್ಟಿಯಾಗಿ ಓದಿ ಹೇಳುವುದು ಎಷ್ಟರ ಮಟ್ಟಿಗೆ ಸರಿ? ಅದನ್ನು ಓದಲು ಕಲಿಸುವುದು ನಮ್ಮ ಕೆಲಸ. ಓದುವ ಕೆಲಸ ಅವರದು.

ಯಾಕೂಬರು ಆಲಿಸಿದ ಬಗೆ

ಯೂಸುಫ್ ಅಧ್ಯಾಯದ ಆರಂಭದಲ್ಲಿ ಎಳೆಯ ಮಗನೊಬ್ಬ ತಂದೆಯ ಬಳಿಗೆ ಬಂದು, ತಾನು ನಿದ್ರೆಯಲ್ಲಿ ಕಂಡದ್ದನ್ನು ಹೇಳುತ್ತಾನೆ. ಹನ್ನೊಂದು ನಕ್ಷತ್ರಗಳು, ಸೂರ್ಯ, ಚಂದ್ರ ತನಗೆ ಬಾಗಿದ್ದನ್ನು ಕಂಡೆ ಎನ್ನುತ್ತಾನೆ. ಇಂತಹ ಮಾತನ್ನು ನಮ್ಮ ಮಕ್ಕಳು ಹೇಳಿದರೆ, "ಹೋಗು, ಮೊದಲು ಹೋಂವರ್ಕ್ ಮುಗಿಸು" ಎಂದು ಬಿಡುತ್ತಿದ್ದೆವೇನೋ. ಪ್ರವಾದಿ ಯಾಕೂಬರು(ಅ) ನಗಲಿಲ್ಲ, ಗದರಲಿಲ್ಲ. ಅಕ್ಕರೆಯಿಂದ ಮಗುವೇ ಎಂದು ಕರೆದು, ಪೂರ್ತಿಯಾಗಿ ಆಲಿಸಿ, ಅಪಾಯ ಎಲ್ಲಿದೆ ಎಂಬುದನ್ನು ಮೆಲ್ಲಗೆ ತಿಳಿಸಿದರು.

ನಮ್ಮ ಮಕ್ಕಳು ಪ್ರತಿ ರಾತ್ರಿ ಆ ಪರದೆಯಲ್ಲಿ ಏನನ್ನೋ ಕಾಣುತ್ತಾರೆ. ಗೆಳತಿಯ ಮದುವೆಯ ಒಡವೆ, ಸಹಪಾಠಿಯ ಹೊಸ ಬೈಕು, ತಾನಿಲ್ಲದೆ ಗೆಳೆಯರು ಹೋಗಿ ಬಂದ ಪ್ರವಾಸದ ಚಿತ್ರ. ಕೆಲವೊಮ್ಮೆ ಅದಕ್ಕಿಂತ ಕಹಿಯಾದದ್ದು. 2021ರ ಜುಲೈಯಲ್ಲಿ ಮತ್ತು 2022ರ ಜನವರಿಯಲ್ಲಿ ಮುಸ್ಲಿಮ್ ಮಹಿಳೆಯರ ಭಾವಚಿತ್ರಗಳನ್ನು ಕದ್ದು, ಅವರನ್ನು ಹರಾಜಿಗಿಟ್ಟಂತೆ ಅಣಕಿಸುವ ಎರಡು ಆ್ಯಪ್‌ಗಳು ಕಾಣಿಸಿಕೊಂಡವು. ಅದೇ 2022ರ ಆರಂಭದಲ್ಲಿ ಉಡುಪಿಯ ಕಾಲೇಜಿನಿಂದ ಶಿರವಸ್ತ್ರದ ವಿವಾದ ಹರಡಿದಾಗ, ತಮ್ಮ ಉಡುಗೆಯ ಬಗ್ಗೆ ಅಪರಿಚಿತರು ಬರೆದ ಮಾತುಗಳು ಹುಡುಗಿಯರ ಫೋನ್‌ಗಳಿಗೆ ಬಂದು ಬೀಳುತ್ತಿದ್ದವು. ಇಂತಹದ್ದನ್ನು ಕಂಡು ಮಗಳು ಮಂಕಾದರೆ ಅದು ಅವಳ ಚಟವಲ್ಲ, ಅವಳಿಗಾದ ಗಾಯ. ಫೋನ್ ಕಿತ್ತುಕೊಂಡ ಮಾತ್ರಕ್ಕೆ ಗಾಯ ಮಾಯುವುದಿಲ್ಲ. ಇವತ್ತು ಏನು ಕಂಡೆ ಎಂದು ಕೇಳಿ, ಪೂರ್ತಿ ಕೇಳುವವರೆಗೆ ಬಾಯಿ ತೆರೆಯದಿರುವ ಒಬ್ಬ ಹಿರಿಯರು ಮನೆಯಲ್ಲಿ ಬೇಕು.

ವ್ಯಾಪಾರಿಯ ಖಾತೆ ಪುಸ್ತಕ

ಈಗ ಯುವಕ ಯುವತಿಯರೊಂದಿಗೆ ಕೆಲವು ಮಾತು. ಕ್ರಿ.ಶ. 857ರಲ್ಲಿ ಬಗ್ದಾದ್‌ನಲ್ಲಿ ತೀರಿಕೊಂಡ ಹಾರಿಸ್ ಎಂಬ ವಿದ್ವಾಂಸರಿದ್ದರು. ತನ್ನ ಮನಸ್ಸಿನ ಲೆಕ್ಕವನ್ನು ತಾನೇ ಎಡೆಬಿಡದೆ ನೋಡುತ್ತಿದ್ದ ಕಾರಣ ಜನರು ಅವರನ್ನು ಅಲ್ ಮುಹಾಸಿಬಿ ಎಂದು ಕರೆದರು. ಇಂತಹ ಲೆಕ್ಕ ನೋಡುವಿಕೆಗೆ ಅರಬಿಯಲ್ಲಿ ಮುಹಾಸಬ ಎನ್ನುತ್ತಾರೆ. 1111ರಲ್ಲಿ ನಿಧನರಾದ ಇಮಾಮ್ ಗಝ್ಝಾಲಿಯವರು ತಮ್ಮ ಇಹ್ಯಾ ಉಲೂಮುದ್ದೀನ್ ಗ್ರಂಥದಲ್ಲಿ ಇದನ್ನು ಒಂದು ವ್ಯಾಪಾರಕ್ಕೆ ಹೋಲಿಸಿ ವಿವರಿಸಿದ್ದಾರೆ. ಬುದ್ಧಿ ಬಂಡವಾಳ ಹಾಕಿದ ವ್ಯಾಪಾರಿ, ಮನಸ್ಸು ಅವನ ಪಾಲುದಾರ. ಆಯುಷ್ಯವೇ ಬಂಡವಾಳ. ಬೆಳಿಗ್ಗೆ ವ್ಯಾಪಾರಿ ಪಾಲುದಾರನೊಂದಿಗೆ ಷರತ್ತು ಮಾಡಿಕೊಳ್ಳುತ್ತಾನೆ. ಹಗಲು ಅವನ ಮೇಲೆ ಕಣ್ಣಿಡುತ್ತಾನೆ. ಸಂಜೆ ಕುಳಿತು ಲಾಭ ನಷ್ಟದ ಲೆಕ್ಕ ನೋಡುತ್ತಾನೆ. ದಿನದ ಕೊನೆಗೆ ಗಲ್ಲಾಪೆಟ್ಟಿಗೆ ಎಣಿಸದೆ ಅಂಗಡಿ ಮುಚ್ಚುವವನನ್ನು ನೀವು ಕಂಡಿದ್ದೀರಾ?

ಈ ಹಳೆಯ ವಿಧಾನವನ್ನು ಒಂದು ವಾರ ನಿಮ್ಮ ಫೋನ್‌ಗೆ ಅನ್ವಯಿಸಿ ನೋಡಿ. ಒಂದು ಸಣ್ಣ ಕಾಗದದ ಪುಸ್ತಕ ಸಾಕು. ಪ್ರತಿ ನಮಾಝ್‌ನ ಬಳಿಕ, ದಿನಕ್ಕೆ ಐದು ಸಲ, ಒಂದೊಂದು ಸಾಲು ಬರೆಯಿರಿ. ಹಿಂದಿನ ನಮಾಝ್‌ನಿಂದ ಈವರೆಗೆ ಏನನ್ನು ನೋಡಿದೆ? ಅದನ್ನು ತೆರೆದದ್ದು ಯಾವ ಉದ್ದೇಶದಿಂದ? ಕೆಳಗಿಟ್ಟಾಗ ಮನಸ್ಸು ಹೇಗಿತ್ತು? ಆ ದಾರಿಯಲ್ಲಿ ನಿಲ್ದಾಣಗಳಿಲ್ಲ ಎಂದೆವಲ್ಲ. ಐದು ನಿಲ್ದಾಣಗಳು ನಿಮ್ಮ ದಿನದಲ್ಲಿ ಮೊದಲೇ ಇವೆ.

ಉದ್ದೇಶ ಎಂಬ ಪ್ರಶ್ನೆಯನ್ನು ಹಗುರವಾಗಿ ಕಾಣಬೇಡಿ. ಪಾಠ ಹುಡುಕಲು ತೆರೆದೆ, ಚಿಕ್ಕಮ್ಮನಿಗೆ ಸಲಾಮ್ ಹೇಳಲು ತೆರೆದೆ ಎಂಬಂತಹ ಸಾಲುಗಳು ಇರುತ್ತವೆ. ಏಕೆ ತೆರೆದೆನೋ ಗೊತ್ತಿಲ್ಲ ಎಂಬ ಸಾಲೂ ಇರುತ್ತದೆ. ಹಾಗಿದ್ದರೆ ಹಾಗೆಯೇ ಬರೆಯಿರಿ. ಕೈ ತಾನಾಗಿಯೇ ಜೇಬಿಗೆ ಹೋಗುವುದು ಬೇಸರವಾದಾಗಲೇ, ಯಾರಾದರೂ ಬೈದಾಗಲೇ, ಓದಲು ಭಯವಾದಾಗಲೇ ಎಂಬುದು ಮೂರ್ನಾಲ್ಕು ದಿನಗಳಲ್ಲಿ ನಿಮಗೇ ಗೋಚರಿಸುತ್ತದೆ. ಖಿನ್ನತೆಯಿಂದ ಬಳಲುವವರಿಗೆ ಚಿಕಿತ್ಸೆ ನೀಡುವ ಮನೋವಿಜ್ಞಾನಿಗಳೂ, ಯಾವ ಕೆಲಸ ಮಾಡಿದಾಗ ಮನಸ್ಸು ಹೇಗಿತ್ತು ಎಂದು ದಿನವೂ ಬರೆದಿಡಲು ಹೇಳುವುದುಂಟು. ಮಬ್ಬಿನಂತೆ ಇಡೀ ದಿನ ಕವಿದಿರುವ ಬೇಸರ, ಬರೆದಾಗ ಇಂತಹ ಹೊತ್ತಿಗೆ ಇಂತಹದ್ದರಿಂದ ಬಂದದ್ದೆಂದು ಬೇರೆಯಾಗಿ ಕಾಣುತ್ತದೆ.

ಇನ್ನೊಂದು ಪ್ರಶ್ನೆಯನ್ನೂ ಸೇರಿಸಿಕೊಳ್ಳಿ. ಆ ಹೊತ್ತು ಯಾವುದರ ಪಾಲಿನದಾಗಿತ್ತು? 13ರಿಂದ 18 ವರ್ಷದವರಿಗೆ ದಿನಕ್ಕೆ 8ರಿಂದ 10 ಗಂಟೆಗಳ ನಿದ್ರೆ ಬೇಕೆಂದು ನಿದ್ರಾ ತಜ್ಞರು ಹೇಳುತ್ತಾರೆ. ರಾತ್ರಿ ಒಂದು ಗಂಟೆಯವರೆಗೆ ರೀಲ್ಸ್ ನೋಡಿ, ಸುಬ್‌ಹ್‌ಗೆ ಎದ್ದು, ಎಂಟಕ್ಕೆ ಬಸ್ಸು ಹಿಡಿಯುವವನ ಮುಂಗೋಪಕ್ಕೆ ರೀಲ್ಸ್‌ನಲ್ಲಿ ಕಂಡ ವಿಷಯಗಳಿಗಿಂತ ಕಳೆದುಕೊಂಡ ನಿದ್ರೆಯೇ ಕಾರಣವಾಗಿರಬಹುದು. ಆರೋಗ್ಯ ಮತ್ತು ಬಿಡುವು ಎಂಬ ಎರಡು ಅನುಗ್ರಹಗಳ ವಿಷಯದಲ್ಲಿ ಬಹಳ ಜನರು ನಷ್ಟ ಹೊಂದುತ್ತಾರೆಂದು ಪ್ರವಾದಿವರ್ಯರು(ಸ) ಎಚ್ಚರಿಸಿದ್ದರು. ಇಲ್ಲಿ ಎರಡೂ ಒಟ್ಟಿಗೇ ಸೋರಿ ಹೋಗುತ್ತವೆ.

ಆ ಪುಸ್ತಕ ಯಾರ ಕೈಗೂ ಸೇರಬಾರದು. ತಂದೆ ತಾಯಂದಿರೇ, ದಯವಿಟ್ಟು ಅದನ್ನು ತೋರಿಸೆಂದು ಕೇಳಬೇಡಿ. ಮಗ ಸುಳ್ಳು ಬರೆದರೆ ಎಂಬುದು ನಿಮ್ಮ ಸಂಶಯ. ಯಾರೂ ನೋಡದ ಪುಸ್ತಕದಲ್ಲಿ ಸುಳ್ಳು ಬರೆದು ಅವನಿಗೆ ಆಗಬೇಕಾದ್ದೇನು? ನೀವು ಕೇಳಿದ ಕ್ಷಣದಿಂದ ಅವನು ನಿಮಗಾಗಿ ಬರೆಯತೊಡಗುತ್ತಾನೆ. ವಾರದ ಕೊನೆಗೆ, "ಏನಾದರೂ ಗಮನಕ್ಕೆ ಬಂತೇ ಮಗಾ?" ಎಂದು ಒಂದು ಸಲ ಕೇಳಿ ಸಾಕು. ಅವನು ಇಷ್ಟಪಟ್ಟದ್ದನ್ನು ಹೇಳಲಿ.

ಮನಸ್ಸು ಸಾಕ್ಷಿಯೇ ಹೊರತು ನ್ಯಾಯಾಧೀಶನಲ್ಲ

ಇಲ್ಲೊಂದು ಎಚ್ಚರಿಕೆ ಅಗತ್ಯ. ಹಿತವೆನಿಸಿದ್ದೆಲ್ಲ ಒಳ್ಳೆಯದಲ್ಲ, ನೋವು ಕೊಟ್ಟದ್ದೆಲ್ಲ ಕೆಟ್ಟದ್ದಲ್ಲ. ಒಬ್ಬ ಸಹಪಾಠಿಯನ್ನು ಗೇಲಿ ಮಾಡುವ ಗ್ರೂಪ್‌ನಲ್ಲಿ ಒಂದು ಗಂಟೆ ಕಳೆದು ಬಂದವನ ಮನಸ್ಸು ಬಹಳ ಉಲ್ಲಾಸದಿಂದಿರಬಹುದು. ಅದು ಪರನಿಂದೆಯ ಉಲ್ಲಾಸ. ಕಾಯಿಲೆಯಲ್ಲಿರುವ ಅಜ್ಜಿಯೊಂದಿಗೆ ವಿಡಿಯೋ ಕರೆಯಲ್ಲಿ ಮಾತನಾಡಿದವಳ ಮನಸ್ಸು ಭಾರವಾಗಬಹುದು. ಅದು ಪ್ರೀತಿಯ ಭಾರ.

2023ರ ಅಕ್ಟೋಬರ್‌ನ ನಂತರ ಗಾಝಾದ ಮಕ್ಕಳ ದೃಶ್ಯಗಳು ನಮ್ಮ ಮಕ್ಕಳ ಅಂಗೈಗೆ ಬಂದವು. ಅವನ್ನು ಕಂಡು ಕಣ್ಣೀರು ಬಂದರೆ ಅದನ್ನು ರೋಗವೆನ್ನಲಾಗದು. ಹೃದಯ ಬದುಕಿದೆ ಎಂಬುದಕ್ಕೆ ಅದು ಗುರುತು. ಆದರೆ ಅದೇ ಹೆಬ್ಬೆರಳು ಮರುಕ್ಷಣ ಮೇಲೆ ಸರಿದಾಗ ಬರುವುದು ಒಂದು ಹಾಸ್ಯದ ತುಣುಕು, ಅದರ ಹಿಂದೆ ಬಟ್ಟೆಯ ಜಾಹೀರಾತು, ಮತ್ತೆ ಒಂದು ಮಯ್ಯಿತ್. ದುಃಖಕ್ಕೆ ನಿಲ್ಲಲು ಜಾಗವೇ ಇಲ್ಲ. ಇಂತಹ ರಾತ್ರಿಗಳು ನೂರು ಕಳೆದರೆ ಹೃದಯ ಮರಗಟ್ಟುವ ಭಯವಿದೆ. ಆದುದರಿಂದ ಲೆಕ್ಕದ ಪುಸ್ತಕದಲ್ಲಿ ಕೇಳಿಕೊಳ್ಳಿ: ಈ ದುಃಖ ನನ್ನಿಂದ ಏನನ್ನು ಮಾಡಿಸಿತು? ಒಂದು ದುಆ, ಒಂದಿಷ್ಟು ಸದಕ, ನೆರೆಮನೆಯ ಹಸಿದವನ ನೆನಪು? ಏನೂ ಇಲ್ಲವೆಂದಾದರೆ ಇನ್ನೂ ಇಪ್ಪತ್ತು ದೃಶ್ಯಗಳನ್ನು ನೋಡುವುದರಿಂದ ಯಾರಿಗೆ ಏನು ಪ್ರಯೋಜನ?

ಹೋಲಿಕೆಯ ನೋವೂ ಹೀಗೆಯೇ. ಲೌಕಿಕ ವಿಷಯಗಳಲ್ಲಿ ನಿಮಗಿಂತ ಮೇಲಿನವರನ್ನಲ್ಲ, ಕೆಳಗಿನವರನ್ನು ನೋಡಿರೆಂಬ ಬೋಧನೆ ನಮಗಿದೆ. ಪರದೆ ತೋರಿಸುವುದು ಹೆಚ್ಚಾಗಿ ಮೇಲಿನವರನ್ನೇ, ಅದೂ ಅವರ ಬದುಕಿನ ಅತ್ಯುತ್ತಮ ಕ್ಷಣಗಳನ್ನು. 2021ರಲ್ಲಿ ಫೇಸ್‌ಬುಕ್ ಕಂಪೆನಿಯ ಒಳಗಿನ ಕಾಗದಪತ್ರಗಳನ್ನು ಅಲ್ಲಿ ಕೆಲಸ ಮಾಡಿದ್ದ ಫ್ರಾನ್ಸಿಸ್ ಹೌಗನ್ ಹೊರಗೆ ತಂದರು. ತಮ್ಮ ದೇಹದ ಬಗ್ಗೆ ಮೊದಲೇ ಬೇಸರವಿದ್ದಾಗ ಇನ್‌ಸ್ಟಾಗ್ರಾಮ್ ಆ ಬೇಸರವನ್ನು ಹೆಚ್ಚಿಸಿತೆಂದು ಹದಿಹರೆಯದ ಹುಡುಗಿಯರಲ್ಲಿ ಶೇ. 32 ಮಂದಿ ಹೇಳಿದ್ದಾಗಿ ಕಂಪೆನಿಯದೇ ಸಂಶೋಧನೆಯಲ್ಲಿತ್ತು. ಮಗಳೇ, ಯಾರ ಪುಟವನ್ನು ನೋಡಿ ಬಂದಾಗಲೆಲ್ಲ ಕನ್ನಡಿಯ ಮುಂದೆ ನಿಲ್ಲಲು ನಿನಗೆ ಹಿಂಜರಿಕೆಯಾಗುತ್ತದೆಯೋ ಆ ಹೆಸರನ್ನು ನಿನ್ನ ಪುಸ್ತಕದಲ್ಲಿ ಬರೆದಿಡು. ಅದೇ ಹೆಸರು ಮೂರು ಸಲ ಬಂದರೆ, ಅಲ್ಲಿಗೆ ಹೋಗುವುದನ್ನು ನಿಲ್ಲಿಸು. ಇದನ್ನು ಬೇರೆ ಯಾರೂ ನಿನಗಾಗಿ ಕಂಡುಕೊಳ್ಳಲಾರರು.

ಲೆಕ್ಕದ ಪುಸ್ತಕಕ್ಕೆ ಮೀರಿದ್ದು

ಕೆಲವು ನೋವುಗಳಿಗೆ ಪುಸ್ತಕ ಸಾಲದು. ಮಗು ವಾರಗಟ್ಟಲೆ ಮಂಕಾಗಿದ್ದರೆ, ಊಟ ನಿದ್ರೆ ಬಿಟ್ಟಿದ್ದರೆ, ಬದುಕು ಬೇಡವೆಂಬ ಮಾತು ಬಾಯಿಯಿಂದ ಬಂದರೆ, ಯಾರೋ ಚಿತ್ರ ಹಿಡಿದುಕೊಂಡು ಬೆದರಿಸುತ್ತಿರುವ ಸುಳಿವು ಸಿಕ್ಕರೆ, ಆಗ ಕಾಯುವುದು ತಪ್ಪು. ಜೀವ ಮತ್ತು ಮಾನಕ್ಕೆ ಅಪಾಯವಿರುವಲ್ಲಿ ಫೋನ್ ನೋಡಲೇಬೇಕಾಗಬಹುದು. ಆದರೆ ಅದನ್ನೂ ಮಗುವಿಗೆ ತಿಳಿಸಿ, ಅದರ ಪಕ್ಕದಲ್ಲಿ ಕುಳಿತು ನೋಡಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇಂತಹ ಸಾಧನಗಳ ಅತಿಬಳಕೆಯಿಂದ ಬಳಲುವವರಿಗಾಗಿಯೇ 2014ರಲ್ಲಿ ಶಟ್ ಕ್ಲಿನಿಕ್ ಎಂಬ ವಿಭಾಗ ಆರಂಭವಾಗಿದೆ. 2022ರಲ್ಲಿ ಕೇಂದ್ರ ಸರಕಾರ ಆರಂಭಿಸಿದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಯಾವ ಹೊತ್ತಿನಲ್ಲಿಯೂ ಉಚಿತವಾಗಿ ಕರೆ ಮಾಡಿ ಮಾತನಾಡಬಹುದು. ಮನಸ್ಸಿನ ಕಾಯಿಲೆಗೆ ವೈದ್ಯರ ಬಳಿಗೆ ಹೋಗುವುದು ವಿಶ್ವಾಸದ ಕೊರತೆ ಎಂದು ತಿಳಿಯುವವರಿದ್ದಾರೆ. ಜ್ವರಕ್ಕೆ ಮದ್ದು ತಿನ್ನುವುದನ್ನು ಯಾರೂ ಹಾಗೆ ತಿಳಿಯುವುದಿಲ್ಲವಲ್ಲ?

ಹಿರಿಯರ ಪುಟ

ಕೊನೆಯದಾಗಿ, ಈ ಪುಸ್ತಕದಲ್ಲಿ ಹಿರಿಯರಿಗೂ ಒಂದು ಪುಟವಿದೆ. ಕುಟುಂಬದ ಗ್ರೂಪ್‌ನಲ್ಲಿ ಬಂದ ಸುದ್ದಿಯನ್ನು ನಿಜವೋ ಸುಳ್ಳೋ ನೋಡದೆ ಹತ್ತು ಕಡೆಗೆ ಕಳುಹಿಸುವವರು ನಮ್ಮ ಮಕ್ಕಳೇ? ಜುಮಾ ಖುತ್ಬಾದ ನಡುವೆ ಜೇಬಿನಿಂದ ಮೆಲ್ಲಗೆ ಫೋನ್ ಹೊರ ತೆಗೆಯುವ ಕೈ ಯಾರದು? ನಾದಿನಿಯ ಸ್ಟೇಟಸ್ ನೋಡಿ, ಇಡೀ ಸಂಜೆ ಮನೆಯವರ ಮೇಲೆ ಸಿಡಿಮಿಡಿಗೊಂಡವರು ಯಾರು? ಸುದ್ದಿ ಚಾನೆಲ್‌ನ ಅರಚಾಟದ ತುಣುಕುಗಳನ್ನು ನೋಡಿ ರಕ್ತದೊತ್ತಡ ಏರಿಸಿಕೊಂಡು, ಊಟದ ತಟ್ಟೆಯ ಮುಂದೆ ಮಾತೇ ಆಡದ ತಂದೆ, ಮಗನಿಗೆ ಯಾವ ಅಧಿಕಾರದಿಂದ ಬುದ್ಧಿ ಹೇಳುತ್ತಾನೆ?

ಹತ್ತು ವರ್ಷ ಪ್ರವಾದಿವರ್ಯರ(ಸ) ಸೇವೆ ಮಾಡಿದ ಅನಸ್(ರ) ಬಾಲಕನಾಗಿ ಆ ಮನೆಗೆ ಬಂದವರು. ಮಾಡಿದ ಕೆಲಸಕ್ಕೆ ಇದನ್ನೇಕೆ ಮಾಡಿದೆ ಎಂದಾಗಲಿ, ಬಿಟ್ಟ ಕೆಲಸಕ್ಕೆ ಅದನ್ನೇಕೆ ಬಿಟ್ಟೆ ಎಂದಾಗಲಿ ಒಮ್ಮೆಯೂ ಗದರಲಿಲ್ಲವೆಂದು ಅವರು ಮುಂದೆ ನೆನೆದರು. ಗದರಿಕೆ ಇಲ್ಲದ ಆ ಮನೆಯಲ್ಲಿ ಶಿಸ್ತು ಇರಲಿಲ್ಲವೇ? ಅಲ್ಲಿಯ ಹಿರಿಯರು ಹೇಳುತ್ತಿದ್ದುದನ್ನೇ ಬದುಕುತ್ತಿದ್ದರು. ಬಾಲಕ ಅದನ್ನು ನೋಡಿ ಕಲಿತನು.

ಆದುದರಿಂದ ಇಂದು ಇಶಾದ ಬಳಿಕ ಗಂಟೆ ಕೇಳುವ ಮೊದಲು ಎರಡು ಪುಸ್ತಕ ತನ್ನಿ. ಒಂದು ಮಗುವಿಗೆ, ಇನ್ನೊಂದು ನಿಮಗೆ. ಒಂದು ವಾರ ನೀವೂ ಬರೆಯಿರಿ. ಏಳನೆಯ ದಿನ ನೀವೇ ಮೊದಲು ಮಾತು ತೆಗೆದು, ಯಾವುದನ್ನು ನೋಡಿದಾಗ ನಿಮ್ಮ ಮನಸ್ಸು ಕೆಟ್ಟಿತು ಎಂಬುದನ್ನು ಹೇಳಿ. ಅಷ್ಟು ಕೇಳಿದ ಮಗು ತನ್ನದನ್ನೂ ಹೇಳಬಹುದು. ಹೇಳದಿದ್ದರೂ ಚಿಂತೆಯಿಲ್ಲ. ತನ್ನ ಹೃದಯಕ್ಕೊಂದು ಲೆಕ್ಕವಿದೆ, ಅದನ್ನು ತಾನೇ ಓದಿಕೊಳ್ಳಬೇಕು, ಅಪ್ಪ ಅಮ್ಮನೂ ತಮ್ಮದನ್ನು ಓದಿಕೊಳ್ಳುತ್ತಿದ್ದಾರೆ ಎಂಬುದನ್ನು ಅದು ಕಂಡಿರುತ್ತದೆ. ನಾವಿಲ್ಲದ ಕೋಣೆಗೆ ಅದರೊಂದಿಗೆ ಹೋಗುವುದು ಈ ಅರಿವು ಮಾತ್ರ.

ತಮ್ಮ ಹೃದಯವನ್ನು ಓದಿಕೊಳ್ಳುವ ಕಣ್ಣನ್ನು ಅಲ್ಲಾಹನು ನಮ್ಮ ಮಕ್ಕಳಿಗೂ, ಅವರ ಮಾತನ್ನು ತಾಳ್ಮೆಯಿಂದ ಆಲಿಸುವ ಕಿವಿಯನ್ನು ನಮಗೂ ದಯಪಾಲಿಸಲಿ. ಆಮೀನ್.